ನಮ್ಮ ಸಾಹಿತ್ಯಕ್ಕೆ ಚಳಿ ಆಗುವುದಿಲ್ಲವೇ?

ಗುಲ್ವಾಡಿಯಲ್ಲಿರುವ ನನ್ನ ಅಕ್ಕನ ಮಗ ಅಮೆರಿಕದ ಮಿನಿಯಾಪೊಲಿಸ್ ನಗರಕ್ಕೆ ಓದಲು ಹೋಗಿ, ಓದು ಮುಗಿಸಿ, ಅಲ್ಲಿಯೇ ಒಂದು ಕೆಲಸ ಹಿಡಿದಿದ್ದಾನೆ. ಜನವರಿ ಬಂತೆಂದರೆ ತಾಯಿ ಮಗನ ನಡುವೆ ಪ್ರತಿ ಶುಕ್ರವಾರ ಫೋನಿನಲ್ಲಿ ನಡೆಯುವ ಮಾತು ಒಂದೇ.

"ಅಲ್ಲಿ ಚಳಿ ಉಂಟಾ ಮಗಾ?"

"ಉಂಟು ಅಮ್ಮಿ."

"ಕಂಬಳಿ ಹೊದ್ಕೊ."

ಅಷ್ಟೇ. ಆಮೇಲೆ ಮಾತು ಅನ್ನ, ಮೀನು, ಮದುವೆಯ ಕಡೆಗೆ ತಿರುಗುತ್ತದೆ. ಹೋದ ಚಳಿಗಾಲದಲ್ಲಿ ಒಂದು ರಾತ್ರಿ ಅವನು ನನಗೆ ಫೋನು ಮಾಡಿ ಹೇಳಿದ: "ಮಾಮು, ಇಲ್ಲಿನ ಚಳಿ ಎಂಥದ್ದು ಅಂತ ಅಮ್ಮಿಗೆ ಹೇಳ್ಲಿಕ್ಕೆ ನನಗೆ ಬರುವುದಿಲ್ಲ. ನೀವು ಕತೆ ಬರೆಯುವವರು. ಕನ್ನಡದಲ್ಲಿ ಇದರ ಬಗ್ಗೆ ಬರೆದ ಪುಸ್ತಕ ಉಂಟಾ? ಇದ್ದರೆ ಅಮ್ಮಿಗೆ ಓದಿ ಹೇಳಿ."

ಇಪ್ಪತ್ತು ವರ್ಷಗಳಿಂದ ಕನ್ನಡದಲ್ಲಿ ಕತೆ ಬರೆಯುತ್ತಿರುವ ನನಗೆ ಆ ಕ್ಷಣಕ್ಕೆ ಒಂದು ಪುಸ್ತಕದ ಹೆಸರೂ ಹೊಳೆಯಲಿಲ್ಲ. ಮರುದಿನ ಕಪಾಟಿನ ಮುಂದೆ ಕುಳಿತೆ. ಈ ಲೇಖನ ಆ ಹುಡುಕಾಟದ ವರದಿ.

ಮೊದಲು ಮಾತಿನ ತೊಂದರೆಯನ್ನೇ ನೋಡೋಣ. ನಮ್ಮ ಕುಂದಾಪುರದ ಕಡೆ ಚಳಿ ಎಂದರೆ ಎರಡೇ ಅರ್ಥ. ಒಂದು, ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲಿ ಮುದುಕರು ತಲೆಗೆ ಟವೆಲು ಸುತ್ತಿಕೊಳ್ಳುವಂತೆ ಮಾಡುವ, ಬಿಸಿಲು ಏರುವಷ್ಟರಲ್ಲಿ ಓಡಿಹೋಗುವ ತಂಪು. ಉಷ್ಣಮಾನ ಇಪ್ಪತ್ತು ಡಿಗ್ರಿಯ ಆಚೀಚೆ ಇಳಿದರೆ ನಮಗೆ ಅದೇ ದೊಡ್ಡ ಸುದ್ದಿ. ಇನ್ನೊಂದು, ಚಳಿಜ್ವರ. ನಮ್ಮ ಮನೆಗಳ ಹೆಂಚು, ಮಾಡು, ಜಗಲಿ ಎಲ್ಲವೂ ಮಳೆಯನ್ನು ನೆನೆದು ಕಟ್ಟಿದವು. ಮಳೆಗೆ ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಮಾತುಗಳಿವೆ. ಹಿಮಕ್ಕೆ? 'ಹಿಮ' ಎಂದರೆ ಕ್ಯಾಲೆಂಡರಿನ ಹಿಮಾಲಯ. 'ಮಂಜು' ಎಂದರೆ ಬೆಳಿಗ್ಗೆ ಗದ್ದೆಯ ಮೇಲೆ ನಿಲ್ಲುವ ಬಿಳಿ ಹೊಗೆ. 'ಮಂಜು ಬಿತ್ತು' ಎಂದು ಅನುವಾದಿತ ಕತೆಯಲ್ಲಿ ಓದಿದ ಗುಲ್ವಾಡಿಯ ಹುಡುಗನಿಗೆ ಕಾಣುವುದು ಮೊಣಕಾಲು ಮುಳುಗುವ ಹಿಮವಲ್ಲ, ಒಂಬತ್ತು ಗಂಟೆಗೆ ಕರಗಿಹೋಗುವ ಇಬ್ಬನಿ. ಇನ್ನು 'ಐಸ್' ಎಂದರೆ ಗಂಗೊಳ್ಳಿ ಬಂದರಿನಲ್ಲಿ ಮೀನಿನ ಪೆಟ್ಟಿಗೆಗೆ ಸುರಿಯುವ ಪುಡಿ. ನನ್ನ ಅಕ್ಕನಿಗೆ ಗೊತ್ತಿರುವ ಅತಿ ದೊಡ್ಡ ಶೀತ ಆ ಪೆಟ್ಟಿಗೆಯೊಳಗಿನದು. ಮಗ ಅಂಥ ಪೆಟ್ಟಿಗೆಯೊಳಗೆ ಐದು ತಿಂಗಳು ಬದುಕುತ್ತಾನೆ ಎಂದು ಹೇಳಿದರೆ ಅವಳು ನಿದ್ದೆ ಮಾಡುವುದಿಲ್ಲ.

ಮಾತು ಇಲ್ಲದಿದ್ದರೆ ಸಾಹಿತ್ಯ ಅದನ್ನು ಉಂಟುಮಾಡಬೇಕು. ಮಾಡಿದೆಯೇ ಎನ್ನುವುದು ಪ್ರಶ್ನೆ.

ನಮ್ಮೂರಿನ ಹೆಸರಿನಿಂದಲೇ ಆರಂಭಿಸಬಹುದು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದನ್ನು ಗುರುತಿಸುತ್ತಾರೆ. ಅದರ ನಾಯಕ ಭಾಸ್ಕರ ಇಂಗ್ಲೆಂಡಿಗೆ ಹೋಗಿ ಓದಿ, ದೊಡ್ಡ ಅಧಿಕಾರಿಯಾಗಿ ಮರಳಿ, ವಿಧವೆಯಾದ ಇಂದಿರೆಯನ್ನು ಮದುವೆಯಾಗುತ್ತಾನೆ. ಸಮುದ್ರ ದಾಟಿದವನನ್ನು ಜಾತಿಯಿಂದ ಹೊರಗೆ ಹಾಕುತ್ತಿದ್ದ ಕಾಲದಲ್ಲಿ ಇದು ಧೈರ್ಯದ ಕತೆ. ಆದರೆ ಕಾದಂಬರಿಗೆ ಬೇಕಿದ್ದದ್ದು ಭಾಸ್ಕರ ಹೋಗುವುದು ಮತ್ತು ಬರುವುದು. ಹೋದಲ್ಲಿ ಕೈ ಮರಗಟ್ಟಿತೇ, ಕೋಣೆಯಲ್ಲಿ ಬೆಂಕಿಗೆ ಇದ್ದಿಲು ಇತ್ತೇ ಎನ್ನುವುದು ಅದರ ವಿಷಯವಲ್ಲ. ಇದನ್ನು ತಪ್ಪೆಂದು ನಾನು ಹೇಳುತ್ತಿಲ್ಲ. ವೆಂಕಟರಾಯರ ಮುಂದೆ ಅದಕ್ಕಿಂತ ದೊಡ್ಡ ಬೆಂಕಿ ಉರಿಯುತ್ತಿತ್ತು. ಆದರೆ ಅಲ್ಲಿಂದ ಒಂದು ಅಭ್ಯಾಸ ಬೆಳೆಯಿತು: ಉತ್ತರದ ನಗರ ನಮ್ಮ ಕತೆಯಲ್ಲಿ ಒಂದು ಪದವಿ ತರುವ ಊರಾಯಿತು, ಬದುಕುವ ಊರಾಗಲಿಲ್ಲ.

ಪ್ರವಾಸ ಸಾಹಿತ್ಯದಲ್ಲಿ ಚಳಿ ಸಿಗುತ್ತದೆ. ಆಕ್ಸ್‌ಫರ್ಡಿನಲ್ಲಿ ಓದಿದ ಗೋಕಾಕರಿಂದ ಹಿಡಿದು, 'ಅಪೂರ್ವ ಪಶ್ಚಿಮ'ದ ಕಾರಂತರು, 1979ರ 'ಅಮೆರಿಕದಲ್ಲಿ ಗೊರೂರು' ಕೊಟ್ಟ ಗೊರೂರು ರಾಮಸ್ವಾಮಿ ಅಯ್ಯಂಗಾರರವರೆಗೆ ನಮ್ಮಲ್ಲಿ ಈ ಪರಂಪರೆ ಗಟ್ಟಿಯಾಗಿದೆ. ಗೊರೂರರ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಇವರೆಲ್ಲರ ಕಣ್ಣು ಚುರುಕು, ಮನಸ್ಸು ದೊಡ್ಡದು. ಆದರೂ ಒಂದು ಮಾತು ಹೇಳಬೇಕು. ಪ್ರವಾಸಿಯ ಚಳಿ ನೆಂಟನ ಚಳಿ. ನೆಂಟನಿಗೆ ಯಾರೋ ಕೋಟು ಕೊಟ್ಟಿರುತ್ತಾರೆ, ಯಾರದೋ ಮನೆ ಬೆಚ್ಚಗಿರುತ್ತದೆ, ಆ ಬಿಸಿಯ ಬಿಲ್ಲನ್ನು ಯಾರೋ ಕಟ್ಟುತ್ತಾರೆ. ಅವನು ಕಿಟಕಿಯಲ್ಲಿ ನಿಂತು ಹಿಮ ಬೀಳುವುದನ್ನು ನೋಡಬಲ್ಲ. ಬಿದ್ದ ಹಿಮವನ್ನು ಸಲಿಕೆ ಹಿಡಿದು ಎತ್ತಿ ಹಾಕುವವನು ಬೇರೆ. ಮಿನಿಯಾಪೊಲಿಸಿನಲ್ಲಿ ಹಿಮ ನಿಂತ ಇಪ್ಪತ್ತನಾಲ್ಕು ಗಂಟೆಯೊಳಗೆ ಮನೆಯ ಮುಂದಿನ ಕಾಲುದಾರಿಯನ್ನು ಮನೆಯವರೇ ತೆರವು ಮಾಡಬೇಕೆಂಬ ಕಾನೂನಿದೆ. ಹಿಮದ ಸೌಂದರ್ಯ ಮತ್ತು ಹಿಮದ ಕೆಲಸ ಒಂದೇ ಕಿಟಕಿಯಿಂದ ಕಾಣುವುದಿಲ್ಲ.

ನೆಂಟರಲ್ಲದೆ ಅಲ್ಲಿ ನಿಂತವರೂ ನಮ್ಮಲ್ಲಿದ್ದರು. ಅವರು ಮಾಡಿದ್ದು ಇನ್ನೂ ಕುತೂಹಲದ್ದು. ಅನಂತಮೂರ್ತಿಯವರು 'ಸಂಸ್ಕಾರ'ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಸಂಶೋಧನೆಗೆಂದು ಹೋಗಿದ್ದಾಗ, ಪ್ರಕಟವಾದದ್ದು 1965ರಲ್ಲಿ. ಬರ್ಗ್‌ಮನ್‌ನ 'ಸೆವೆಂತ್ ಸೀಲ್' ಚಿತ್ರ ನೋಡಿದ್ದು ಅದಕ್ಕೆ ಪ್ರೇರಣೆ ಎಂದು ಅವರೇ ಹೇಳಿದ್ದಾರೆ. ಅಂದರೆ ಉತ್ತರದ ಶೀತದೇಶದ ಒಂದು ಸಿನೆಮಾ, ಉತ್ತರದ ಒಂದು ಕೈಗಾರಿಕಾ ನಗರ, ಮತ್ತು ಅಲ್ಲಿ ಕುಳಿತವನ ಕಾಗದದ ಮೇಲೆ ದೂರ್ವಾಸಪುರದ ಸೆಕೆ, ಕೊಳೆಯುವ ಹೆಣದ ನಾತ, ಮನೆ ಮನೆಯ ಮೇಲೆ ಕುಳಿತ ಹದ್ದುಗಳು. ಹೊರಗಿನ ಚಳಿ ಕಾದಂಬರಿಯೊಳಗೆ ಒಂದು ಹನಿಯೂ ಬರಲಿಲ್ಲ. ಬಂದಿದ್ದರೆ ಆ ಹೆಣ ಅಷ್ಟು ಬೇಗ ಕೊಳೆಯುತ್ತಿರಲಿಲ್ಲ, ಕಾದಂಬರಿಯೇ ಇರುತ್ತಿರಲಿಲ್ಲ!

ಎ.ಕೆ. ರಾಮಾನುಜನ್ 1962ರಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಹೋದವರು 1993ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಇದ್ದರು. ಮೂವತ್ತು ಚಳಿಗಾಲ. ಹೋದ ಹೊಸತರಲ್ಲಿ ಅಲ್ಲಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ವ್ಯಾಕರಣ ಹುಡುಕುತ್ತಿದ್ದಾಗ ಸ್ವಾಮಿನಾಥ ಅಯ್ಯರ್ ಸಂಪಾದಿಸಿದ ಸಂಗಂ ಕವಿತೆಗಳ ಸಂಪುಟವೊಂದು ಸಿಕ್ಕಿತು. ಅದರಿಂದ ಅವರ ಬದುಕಿನ ದಿಕ್ಕೇ ತಿರುಗಿತು. ಆ ಸಂಗಂ ಕಾವ್ಯಮೀಮಾಂಸೆಯಲ್ಲಿ ಒಂದೊಂದು ಭೂಪ್ರದೇಶಕ್ಕೆ ಒಂದೊಂದು ಕಾಲ, ಒಂದೊಂದು ಭಾವ. ಬೆಟ್ಟದ 'ಕುರಿಂಜಿ'ಗೆ ಚಳಿಗಾಲ ಮತ್ತು ನಡುರಾತ್ರಿ. ಅದರ ಭಾವ ಪ್ರೇಮಿಗಳ ಕೂಟ. ಎರಡು ಸಾವಿರ ವರ್ಷದ ಹಿಂದೆ ದಕ್ಷಿಣದ ಕವಿಗಳಿಗೆ ಚಳಿ ಎಂದರೆ ಇಬ್ಬರು ಹತ್ತಿರವಾಗುವ ಕಾಲ. ಷಿಕಾಗೊದಲ್ಲಿ ಚಳಿ ಎಂದರೆ ಒಬ್ಬೊಬ್ಬರೂ ಬಾಗಿಲು ಹಾಕಿಕೊಳ್ಳುವ ಕಾಲ. ಈ ಎರಡರ ನಡುವೆ ಕುಳಿತು ರಾಮಾನುಜನ್ ಮೊದಲನೆಯದನ್ನು ಜಗತ್ತಿಗೆ ಅನುವಾದಿಸಿದರು.

ಇವರಿಬ್ಬರನ್ನೂ ನಾನು ದೂರುವುದಿಲ್ಲ. ಹೊರಗಿನ ಕಿಟಕಿ ಮುಚ್ಚಿ ಒಳಗಿನ ಊರನ್ನು ತೆರೆಯುವುದು ಚಳಿಯನ್ನು ತಾಳುವ ಒಂದು ದಾರಿಯೇ. ನನ್ನ ಅಕ್ಕನ ಮಗನೂ ಮೊದಲ ವರ್ಷ ಅದನ್ನೇ ಮಾಡಿದ. ಕೆಲಸ, ಕೋಣೆ, ಮೊಬೈಲಿನಲ್ಲಿ ಊರಿನ ಯಕ್ಷಗಾನ, ಊರಿನ ಕ್ರಿಕೆಟ್ಟು. ಆದರೆ ಮೂರು ತಿಂಗಳಲ್ಲಿ ಅವನ ಶುಕ್ರವಾರದ ಫೋನೂ ನಿಂತಿತು. ಅಕ್ಕ ಅಳುತ್ತ ನನ್ನ ಹತ್ತಿರ ಬಂದಳು. ಆಮೇಲೆ ತಿಳಿಯಿತು: ಡಿಸೆಂಬರಿನಲ್ಲಿ ಅಲ್ಲಿ ಹಗಲು ಒಂಬತ್ತು ಗಂಟೆಯೂ ಇರುವುದಿಲ್ಲ, ಸಂಜೆ ನಾಲ್ಕೂವರೆಗೆ ಕತ್ತಲು. ಲುಹರ್, ಅಸರ್, ಮಗ್ರಿಬ್ ಒಂದರ ಬೆನ್ನಿಗೆ ಒಂದು ಬರುತ್ತವೆ. ಆ ಕತ್ತಲು ಮನುಷ್ಯನ ಒಳಕ್ಕೂ ಇಳಿಯುತ್ತದೆ. ಇದೊಂದು ಕಾಯಿಲೆ ಎಂದು 1984ರಲ್ಲಿ ವೈದ್ಯಕೀಯ ಭಾಷೆಯಲ್ಲಿ ವಿವರಿಸಿ, ಪ್ರಖರ ಬೆಳಕಿನ ದೀಪದ ಮುಂದೆ ಕುಳಿತುಕೊಳ್ಳುವ ಚಿಕಿತ್ಸೆಯನ್ನು ಮುಂದಿಟ್ಟವರಲ್ಲಿ ಪ್ರಮುಖರಾದ ನಾರ್ಮನ್ ರೋಸೆಂಥಾಲ್ ಬಿಸಿಲಿನ ದಕ್ಷಿಣ ಆಫ್ರಿಕದಿಂದ ಅಮೆರಿಕಕ್ಕೆ ಹೋದವರು. ಬಿಸಿಲಿನ ದೇಶದವನಿಗೇ ಆ ಕತ್ತಲು ಮೊದಲು ಕಾಣಿಸಿತು. ನಮ್ಮ ಲೇಖಕರೂ ಬಿಸಿಲಿನ ದೇಶದವರೇ. ಅವರಿಗೂ ಕಂಡಿರಬೇಕು. ಬರೆಯಲು ಯೋಗ್ಯ ಎನ್ನಿಸಲಿಲ್ಲವೇನೋ.

ಇಲ್ಲಿ ನನ್ನದೇ ಒಂದು ತಪ್ಪನ್ನೂ ಹೇಳಿಕೊಳ್ಳುತ್ತೇನೆ. ಇಪ್ಪತ್ತರ ಹರೆಯದಲ್ಲಿ ದಿಲ್ಲಿಯನ್ನು ನೋಡುವ ಮೊದಲೇ ದಿಲ್ಲಿಯ ಕತೆಯೊಂದನ್ನು ಬರೆದಿದ್ದೆ. ಅದರ ಕೊನೆಯಲ್ಲಿ ನಾಯಕಿಯ ಕೂದಲ ಮೇಲೆ ಹಿಮ ಬೀಳುತ್ತದೆ. ದಿಲ್ಲಿಯಲ್ಲಿ ಹಿಮ ಬೀಳುವುದಿಲ್ಲ! ಆಮೇಲೆ ಉರ್ದು ಪುಸ್ತಕಗಳ ಕರಡು ತಿದ್ದುವ ಕೆಲಸಕ್ಕೆಂದು ಎರಡು ಚಳಿಗಾಲ ಅಲ್ಲಿ ಕಳೆದೆ. ಹೀಟರಿಲ್ಲದ ಸಿಮೆಂಟು ಕೋಣೆ, ಎಲುಬಿಗೆ ಇಳಿಯುವ ಒದ್ದೆ ಮಂಜು, ಸ್ನಾನವನ್ನು ಮುಂದೂಡುವ ನೆಪಗಳು. ಹಳೆ ದಿಲ್ಲಿಯಲ್ಲಿ ಜಾಮಾ ಮಸೀದಿಯ ಸುತ್ತಮುತ್ತ ಒಂದು ರಾತ್ರಿಗೆ ಇಷ್ಟು ಎಂದು ರಜಾಯಿಯನ್ನು ಬಾಡಿಗೆಗೆ ಕೊಡುವವರಿದ್ದರು. ಬೀದಿಯಲ್ಲಿ ಮಲಗುವ ಕೂಲಿಗಳು ದಿನದ ಸಂಪಾದನೆಯಲ್ಲಿ ಒಂದು ಪಾಲನ್ನು ಆ ಹೊದಿಕೆಗೆ ಕೊಡುತ್ತಿದ್ದರು. ನಮ್ಮಲ್ಲಿ ಪಿಂಜಾರರು ಹಾಸಿಗೆಗೆ ಹತ್ತಿ ಹಿಂಜುತ್ತಿದ್ದರಲ್ಲ, ಅದೇ ಕಸುಬು ಅಲ್ಲಿ ಹೊದಿಕೆಗೆ. ನಾವು ಹತ್ತಿಯ ಮೇಲೆ ಮಲಗುವವರು, ಅವರು ಹತ್ತಿಯ ಕೆಳಗೆ. ನನ್ನ ಕತೆಯಲ್ಲಿ ಇರಬೇಕಾದದ್ದು ಆ ಬಾಡಿಗೆಯ ರಜಾಯಿ. ನಾನು ಹಾಕಿದ್ದು ಸುಳ್ಳು ಹಿಮ.

ಹಾಗೆ ನೋಡಿದರೆ ನನಗೆ ದಾರಿ ಗೊತ್ತಿರಬೇಕಿತ್ತು. ಉರ್ದು ತರಗತಿಯಲ್ಲಿ ನಾವು ಪ್ರೇಮಚಂದರ 'ಪೂಸ್ ಕೀ ರಾತ್' ಓದಿದ್ದೆವು. 1930ರ ಕತೆ ಅದು. ರೈತ ಹಲ್ಕೂ ಕಂಬಳಿಗೆಂದು ಕೂಡಿಟ್ಟ ಮೂರು ರೂಪಾಯಿಯನ್ನು ಸಾಲಗಾರ ಕಿತ್ತುಕೊಂಡು ಹೋಗುತ್ತಾನೆ. ಪುಷ್ಯಮಾಸದ ರಾತ್ರಿ ಹೊಲ ಕಾಯಲು ಹೋದ ಹಲ್ಕೂ ನಾಯಿ ಜಬ್ರಾನನ್ನು ತಬ್ಬಿ ಮಲಗುತ್ತಾನೆ, ಮಾವಿನ ತೋಪಿನ ಒಣ ಎಲೆ ಗುಡಿಸಿ ತಂದು ಬೆಂಕಿ ಹಾಕುತ್ತಾನೆ. ನೀಲಗಾಯಿಗಳು ಬೆಳೆ ಮೇಯುವ ಸದ್ದು ಕೇಳಿಸುತ್ತದೆ, ಏಳಲು ಮನಸ್ಸಾಗುವುದಿಲ್ಲ. ಬೆಳಿಗ್ಗೆ ಬೆಳೆ ಹಾಳಾಗಿದ್ದು ಕಂಡು ಹೆಂಡತಿ ಮರುಗಿದರೆ, ಇನ್ನು ರಾತ್ರಿ ಇಲ್ಲಿ ಮಲಗಬೇಕಿಲ್ಲವಲ್ಲ ಎಂದು ಅವನಿಗೆ ಸಮಾಧಾನ! ಈ ಕತೆಯಲ್ಲಿ ಚಳಿ ದೃಶ್ಯವಲ್ಲ, ಸಾಲ. ಗೋಗೋಲ್ 1842ರಲ್ಲಿ ಪ್ರಕಟಿಸಿದ 'ಓವರ್‌ಕೋಟ್' ಕೂಡ ಇದೇ ಜಾತಿಯದು. ಪೀಟರ್ಸ್‌ಬರ್ಗಿನ ಬಡ ಗುಮಾಸ್ತ ಸಂಜೆಯ ಚಹಾ ಬಿಟ್ಟು, ಮೇಣದಬತ್ತಿ ಉಳಿಸಿ, ಚಪ್ಪಡಿಯ ಮೇಲೆ ತುದಿಗಾಲಲ್ಲಿ ನಡೆದು ಬೂಟಿನ ತಳ ಉಳಿಸಿ ಕೋಟು ಹೊಲಿಸುತ್ತಾನೆ. ಆ ಕೋಟು ಕಳುವಾಗುತ್ತದೆ, ಅವನು ಸಾಯುತ್ತಾನೆ. ಇಬ್ಬರೂ ಲೇಖಕರು ಕೇಳಿದ ಪ್ರಶ್ನೆ ಒಂದೇ: ಈ ಚಳಿಯಲ್ಲಿ ಹೊದಿಕೆ ಯಾರ ಕೈಯಲ್ಲಿದೆ?

ಈ ಪ್ರಶ್ನೆಯನ್ನು ಹಿಡಿದುಕೊಂಡು ಕನ್ನಡಕ್ಕೆ ಬಂದರೆ ನನಗೆ ಸಿಕ್ಕ ಹತ್ತಿರದ ಲೇಖಕ ಗುರುಪ್ರಸಾದ ಕಾಗಿನೆಲೆ. ಅವರು ಮಿನೆಸೋಟ ರಾಜ್ಯದಲ್ಲಿ ವೈದ್ಯರು. ಮೊದಲ ಕಾದಂಬರಿಯ ಹೆಸರೇ 'ಬಿಳಿಯ ಚಾದರ'. ನನ್ನಂಥವನಿಗೆ ಬಿಳಿಯ ಚಾದರ ಎಂದರೆ ಮೊದಲು ನೆನಪಾಗುವುದು ಕಫನು. ಹಿಮಕ್ಕೆ ಕನ್ನಡದಲ್ಲಿ ಇಷ್ಟು ನೇರವಾದ ಹೆಸರನ್ನು ಮತ್ತೆಲ್ಲೂ ಕಂಡಿಲ್ಲ. 2017ರಲ್ಲಿ ಬಂದ 'ಹಿಜಾಬ್' ನಮಗೆ ಇನ್ನೂ ಮುಖ್ಯ. ಮಿನೆಸೋಟದ ಅಮೋಕಾ ಎಂಬ ಕಲ್ಪಿತ ಊರು, ಅಲ್ಲಿ ಹಸಿರು ಕಾರ್ಡಿನ ದಾರಿ ಕಾಯುತ್ತ ಕೆಲಸ ಮಾಡುವ ಭಾರತೀಯ ವೈದ್ಯರು, ಮತ್ತು ಸಂಘಾಲ ಎಂಬ ದೇಶದಿಂದ ಬಂದ ನಿರಾಶ್ರಿತ ಮುಸ್ಲಿಮರು. ಹೆರಿಗೆಗೆ ಬಂದು ಸಿಸೇರಿಯನ್ ಬೇಡವೆನ್ನುವ ಹೆಣ್ಣುಮಕ್ಕಳ ಸುತ್ತ ಕತೆ ಬೆಳೆಯುತ್ತದೆ. ಸಂಘಾಲದ ಹಿಂದೆ ಸೊಮಾಲಿಯಾ ಇದೆ ಎಂದು ಓದುಗರಿಗೆ ತಿಳಿಯುತ್ತದೆ. ತೊಂಬತ್ತರ ದಶಕದ ಆರಂಭದಲ್ಲಿ ಅಂತರ್ಯುದ್ಧದಿಂದ ಓಡಿಬಂದ ಸೊಮಾಲಿಗಳ ಅಮೆರಿಕದ ಅತಿ ದೊಡ್ಡ ನೆಲೆ ಮಿನೆಸೋಟವೇ.

ಈ ಕಾದಂಬರಿಯ ಹೆಚ್ಚುಗಾರಿಕೆ ಎಂದರೆ ಕನ್ನಡದ ಅನಿವಾಸಿ ಕತೆಯಲ್ಲಿ ನೆರೆಯವನು ಬಂದದ್ದು. ಅಲ್ಲಿಯವರೆಗೆ ನಮ್ಮವರ ಅಮೆರಿಕದಲ್ಲಿ ಹೆಚ್ಚಾಗಿ ಎರಡೇ ಜನ: ನಾವು ಮತ್ತು ಬಿಳಿಯರು. 'ಹಿಜಾಬ್' ಆ ಚಿತ್ರಕ್ಕೆ ನಮ್ಮಂತೆಯೇ ಬಿಸಿಲಿನ ಕಡಲ ತೀರದಿಂದ ಬಂದ ಮೂರನೆಯವರನ್ನು ತಂದು ನಿಲ್ಲಿಸಿತು, ಅವರನ್ನು ಕಂಡರೆ ನಮ್ಮವರಿಗೆ ಒಳಗೊಳಗೇ ಆಗುವ ಕಸಿವಿಸಿಯನ್ನೂ ಮುಚ್ಚಿಡಲಿಲ್ಲ. 2022ರ ಫೆಬ್ರವರಿಯಲ್ಲಿ ನಮ್ಮ ಕುಂದಾಪುರದಲ್ಲಿ ತಲೆವಸ್ತ್ರದ ಹುಡುಗಿಯರು ಕಾಲೇಜಿನ ಗೇಟಿನ ಹೊರಗೆ ನಿಂತ ದಿನಗಳಲ್ಲಿ ನಾನು ಈ ಪುಸ್ತಕವನ್ನು ಎರಡನೆಯ ಸಲ ಓದಿದೆ. ಆಗ ಅಮೋಕಾ ದೂರದ ಊರು ಎನ್ನಿಸಲಿಲ್ಲ.

ಆದರೆ ನನ್ನ ತಕರಾರೂ ಇಲ್ಲಿಯೇ. ಕಾದಂಬರಿ ಈ ಜನರನ್ನು ನೋಡುವುದು ಆಸ್ಪತ್ರೆಯ ಬಾಗಿಲಿನಿಂದ. ಅವರು ಸಮಸ್ಯೆಯಾಗಿ ಒಳಗೆ ಬರುತ್ತಾರೆ. ಅದೇ ಜನ ಅದೇ ಊರಿನ ಜನವರಿಯಲ್ಲಿ ಬಸ್ಸಿಗೆ ಕಾಯುವುದನ್ನು, ಮಕ್ಕಳಿಗೆ ಒಂದರ ಮೇಲೊಂದು ಬಟ್ಟೆ ತೊಡಿಸುವುದನ್ನು, ಚಹಾಕ್ಕೆ ಏಲಕ್ಕಿ ಕುಟ್ಟುವುದನ್ನು ನೋಡಲು ಆಸ್ಪತ್ರೆಯಿಂದ ಹೊರಗೆ ಬರಬೇಕು. ಇನ್ನೊಂದು ಸಂಗತಿ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿದ ಬೆಳಿಗ್ಗೆ ಮಿನೆಸೋಟದಲ್ಲಿ ಬಿಳಿಯರು, ಕರಿಯರು, ಗಂಡು, ಹೆಣ್ಣು ಎಲ್ಲರ ತಲೆ, ಕಿವಿ, ಮೂಗು ಬಟ್ಟೆಯೊಳಗೆ. ಕಣ್ಣು ಮಾತ್ರ ಹೊರಗೆ. ಆ ದಿನ ಯಾರೂ ಯಾರ ಮುಸುಕನ್ನೂ ಪ್ರಶ್ನಿಸುವುದಿಲ್ಲ. 'ಹಿಜಾಬ್' ಎಂಬ ಹೆಸರಿನ ಕಾದಂಬರಿಗೆ ಮಿನೆಸೋಟದ ಚಳಿ ಪುಕ್ಕಟೆಯಾಗಿ ಕೊಡುತ್ತಿದ್ದ ದೊಡ್ಡ ರೂಪಕ ಇದು.

ಆ ನಗರದ ಚಳಿಯಲ್ಲಿ ಕತೆಗೆ ಬೇಕಾದ ಸಾಮಗ್ರಿ ಎಷ್ಟಿದೆ ಎನ್ನುವುದು ಅಕ್ಕನ ಮಗನ ಮಾತಿನಿಂದ ನನಗೆ ತಿಳಿಯುತ್ತ ಬಂತು. ನಗರದ ಮಧ್ಯಭಾಗದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಮಹಡಿಯ ಮಟ್ಟದಲ್ಲಿ ಗಾಜಿನ ಸೇತುವೆಗಳಿವೆ. 1962ರಲ್ಲಿ ಶುರುವಾದದ್ದು ಈಗ ಸುಮಾರು ಹದಿನೈದು ಕಿಲೋಮೀಟರು. ಕಚೇರಿಯವರು ಕೋಟು ಹಾಕದೆ ಊಟಕ್ಕೆ ಹೋಗಿ ಬರುತ್ತಾರೆ. ಕೆಳಗೆ ಬೀದಿಯಲ್ಲಿ ಬಸ್ಸಿಗೆ ನಿಂತವರು ತಂಗುದಾಣದ ಗುಂಡಿ ಒತ್ತಿ, ತಲೆಯ ಮೇಲಿನ ಹೀಟರು ಕೆಂಪಾಗುವುದನ್ನು ಕಾಯುತ್ತಾರೆ. ಒಂದೇ ಚಳಿ, ಎರಡು ಮಹಡಿ. 2019ರ ಜನವರಿ 30ರಂದು ಅಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೆ ಇಳಿದಾಗ ಟಪಾಲು ಬಟವಾಡೆಯನ್ನೇ ನಿಲ್ಲಿಸಿದ್ದರು. ಇನ್ನೊಂದು ಕಾನೂನು ನನಗೆ ಬಹಳ ಹಿಡಿಸಿತು. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ, ಬಾಕಿಯನ್ನು ಕಂತಿನಲ್ಲಿ ಕಟ್ಟುತ್ತೇನೆಂದು ಒಪ್ಪಂದ ಮಾಡಿಕೊಂಡು ಅದರಂತೆ ನಡೆಯುವ ಮನೆಯವರ ಬಿಸಿಯ ಸಂಪರ್ಕವನ್ನು ಕಂಪನಿ ಕಡಿಯುವಂತಿಲ್ಲ. ಹಲ್ಕೂನ ಮೂರು ರೂಪಾಯಿಯನ್ನು ಸಾಲಗಾರ ಒಯ್ಯಬಾರದು ಎಂದು ಕಾನೂನೇ ಹೇಳಿದಂತೆ. ಚಳಿ ದೇವರು ಕೊಟ್ಟದ್ದು, ಚಳಿಯಿಂದ ಸಾಯುವುದು ಮನುಷ್ಯರು ಮಾಡಿಟ್ಟದ್ದು ಎಂಬ ತಿಳಿವಳಿಕೆ ಆ ಕಾನೂನಿನಲ್ಲಿದೆ. ನಮ್ಮ ಪ್ರವಾಸಕಥನಗಳ ಹಿಮಕ್ಕಿಂತ ಈ ಕಾನೂನು ನನಗೆ ಹೆಚ್ಚು ಕಾವ್ಯಮಯವಾಗಿ ಕಾಣುತ್ತದೆ.

ಅಕ್ಕನ ಮಗನನ್ನು ಕೋಣೆಯಿಂದ ಹೊರಗೆ ತಂದದ್ದು ಪುಸ್ತಕವಲ್ಲ. ಕೆಳಗಿನ ಮನೆಯ ಸೊಮಾಲಿ ಮುದುಕರೊಬ್ಬರು. ಒಂದು ಬೆಳಿಗ್ಗೆ ಬಾಗಿಲು ತಟ್ಟಿ ಸಲಿಕೆ ಕೊಟ್ಟು, ಬಾ ಎಂದರಂತೆ. ಹತ್ತಿ ಬಟ್ಟೆ ಬೆವರು ಹಿಡಿಯುತ್ತದೆ, ಮೈಗೆ ತಾಗುವಂತೆ ಉಣ್ಣೆ ಹಾಕು. ಒಂದು ದಪ್ಪ ಕೋಟಿಗಿಂತ ಮೂರು ತೆಳು ಬಟ್ಟೆ ವಾಸಿ. ಹಗಲಿನಲ್ಲಿ ಅರ್ಧ ಗಂಟೆಯಾದರೂ ಹೊರಗೆ ನಡೆ, ಎಷ್ಟೇ ಚಳಿಯಿರಲಿ. ಇಷ್ಟೇ ಅವರ ಉಪದೇಶ. ಆಮೇಲೆ ಏಲಕ್ಕಿ ಚಹಾ. ಮೊಗಾದಿಶು ಕೂಡ ಕಡಲ ತೀರದ ಊರು. ಅಲ್ಲಿಯೂ ಹಿಮಕ್ಕೆ ಹೆಸರು ಬೇಕಾಗಿರಲಿಲ್ಲ. ಹೆಸರಿಲ್ಲದ ಇಬ್ಬರು ಸೇರಿ ಕಾಲುದಾರಿಯ ಹಿಮ ಎತ್ತಿದರು. ಮುಂದಿನ ಶುಕ್ರವಾರ ಅಕ್ಕನಿಗೆ ಫೋನು ಬಂತು.

ಹಾಗಾದರೆ ಅವನ ಪ್ರಶ್ನೆಗೆ ನನ್ನ ಉತ್ತರವೇನು? ಅಕ್ಕನಿಗೆ ನಾನು ಕೊನೆಗೆ ಓದಿ ಹೇಳಿದ್ದು ಪ್ರೇಮಚಂದರ ಕತೆ. ಅವಳು ಕೇಳಿ ಮುಗಿಸಿ, ನಾಯಿಗೂ ಚಳಿ ಆಗ್ತದಲ್ಲ ಪಾಪ, ಎಂದಳು. ಮರುವಾರ ಕುಂದಾಪುರದ ಸಂತೆಯಿಂದ ಕರಿ ಕಂಬಳಿ ತಂದು ಮಗನಿಗೆ ಪಾರ್ಸೆಲು ಮಾಡಿಸಿದಳು. ಕಂಬಳಿಯ ಬೆಲೆಗಿಂತ ಅಂಚೆಯ ಖರ್ಚೇ ಹೆಚ್ಚಾಯಿತು.

ಕನ್ನಡದಲ್ಲಿ ಆ ಪುಸ್ತಕ ಇನ್ನೂ ಬರಬೇಕಾಗಿದೆ. ಬರೆಯಬೇಕಾದವರು ನಾನಲ್ಲ, ನಾನು ಬರೆದರೆ ಮತ್ತೆ ಸುಳ್ಳು ಹಿಮವೇ ಬಿದ್ದೀತು. ಟೊರೊಂಟೊ, ಷಿಕಾಗೊ, ಮಿನಿಯಾಪೊಲಿಸುಗಳಲ್ಲಿ ಕನ್ನಡ ಮಾತಾಡುವ ಮನೆಗಳು ಸಾವಿರಾರಿವೆ. ಕನ್ನಡ ಸಂಘಗಳು ಯುಗಾದಿಗೊಂದು, ರಾಜ್ಯೋತ್ಸವಕ್ಕೊಂದು ಸಂಚಿಕೆ ತರುತ್ತವೆ. ಅವುಗಳಲ್ಲಿ ಊರಿನ ನೆನಪು ಧಾರಾಳವಾಗಿರುತ್ತದೆ. ಅದರ ಜೊತೆಗೆ ಜನವರಿಯ ಒಂದು ಮಂಗಳವಾರದ ಲೆಕ್ಕವೂ ಬರಲಿ: ಬಿಲ್ಲು ಎಷ್ಟು, ಬಸ್ಸು ಎಷ್ಟು ಹೊತ್ತಿಗೆ, ಬಾಗಿಲು ತಟ್ಟಿದವರು ಯಾರು, ತಟ್ಟದೆ ಹೋದವರು ಯಾರು.

ಕಂಬಳಿ ತಲುಪಿದ ಮೇಲೆ ಅವನು ನನಗೊಂದು ಸಂದೇಶ ಕಳಿಸಿದ್ದ: "ಮಾಮು, ಹೊದೆಯಲಿಕ್ಕೆ ಆಗುವುದಿಲ್ಲ, ಮೈ ಚುಚ್ಚುತ್ತದೆ. ಮಡಚಿ ಬಾಗಿಲಿನ ಕೆಳಗಿನ ಸಂದಿಗೆ ಇಟ್ಟಿದ್ದೇನೆ. ಗಾಳಿ ಪೂರಾ ನಿಂತಿದೆ. ಅಮ್ಮಿಗೆ ಮಾತ್ರ ಹೇಳಬೇಡಿ."

ಅವನು ಬರೆಯಲು ಶುರುಮಾಡುವುದಾದರೆ ಇಲ್ಲಿಂದಲೇ ಶುರುಮಾಡಲಿ.